ರೀಲ್ಸ್ ನೋಡಿ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋದೆ

ಐದಕ್ಕೆ ಮೂರೂವರೆ ಸ್ಟಾರ್. ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಮೈಸೂರಲ್ಲಿ ಸಕ್ಕರೆ ಕಾಯಿಲೆ ನೋಡುತ್ತಾ, ಕನ್ನಡದಲ್ಲಿ ರೀಲ್ಸ್ ಮಾಡುವ ಒಬ್ಬ ಡಾಕ್ಟರು ಅಂದುಕೊಳ್ಳಿ, ಸಾಕು.

ನನ್ನದು ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದಾಗ ಫೋನ್ ನೋಡುವುದೇ ಕೆಲಸ. ಹಾಗೆ ಇವರ ವಿಡಿಯೋ ಕಣ್ಣಿಗೆ ಬಿತ್ತು. ಇನ್ಸುಲಿನ್ ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮದ ಕೆಳಗೆ ಗಂಟು ಕಟ್ಟುತ್ತದಂತೆ. ಆ ಗಂಟಿಗೆ ಹಾಕಿದ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಡೋಸ್ ಏರಿಸಿದರೂ ಶುಗರ್ ಇಳಿಯುವುದಿಲ್ಲ. ಹಿಂದಿನ ಜಾಗದಿಂದ ಒಂದು ಬೆರಳಗಲ ಬಿಟ್ಟು ಚುಚ್ಚಿ ಎಂದು ಬೆರಳಿಟ್ಟೇ ತೋರಿಸಿದರು.

ಸಂಜೆ ಮನೆಗೆ ಹೋಗಿ ಅವ್ವನ ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳಿನ ಎಡಕ್ಕೆ ನಿಂಬೆಹಣ್ಣಿನಷ್ಟು ಗಂಟು! ಆರು ವರ್ಷದಿಂದ ಅಲ್ಲೇ ಚುಚ್ಚಿಕೊಳ್ಳುತ್ತಿದ್ದಳು. "ಅಲ್ಲಾದ್ರೆ ನೋಯಲ್ಲ ಕಣಪ್ಪ" ಅಂದಳು.

ನಾನು ಬುದ್ಧಿವಂತ ಅಲ್ವಾ, ಆವತ್ತೇ ಜಾಗ ಬದಲಿಸಿ ಚುಚ್ಚಿದೆ. ಡೋಸ್ ಅದೇ. ರಾತ್ರಿ ಎರಡು ಗಂಟೆಗೆ ಅವ್ವ ಬೆವೆತು ನಡುಗುತ್ತಿದ್ದಳು. ಮಿಷಿನ್‌ನಲ್ಲಿ ನೋಡಿದರೆ ಶುಗರ್ 58ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಬೆಳಗಾಗುವವರೆಗೆ ಪಕ್ಕದಲ್ಲೇ ಕೂತಿದ್ದೆ.

ಬೆಳಿಗ್ಗೆಯೇ ಮೈಸೂರಿಗೆ ಹೊರಟೆವು. ಎರಡೂವರೆ ಗಂಟೆ ಕಾದದ್ದು, ಒಳಗೆ ಆರು ನಿಮಿಷ. ಆದರೆ ಆ ಆರು ನಿಮಿಷದಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಗಂಟಿನಿಂದ ಒಳ್ಳೆ ಚರ್ಮಕ್ಕೆ ಬಂದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡುತ್ತದೆ, ಅದಕ್ಕೇ ಡಾಕ್ಟರನ್ನು ಕೇಳಿ ಮೊದಲೇ ಕಡಿಮೆ ಮಾಡಿಕೊಳ್ಳಬೇಕು ಅಂದರು. ಸೂಜಿಯನ್ನೂ ಪ್ರತಿ ಸಲ ಹೊಸದು ಹಾಕಬೇಕಂತೆ.

"ಇದನ್ನ ವಿಡಿಯೋದಲ್ಲಿ ಹೇಳಿಲ್ಲ ಸಾರ್" ಅಂದೆ. ಪೆನ್ ಕೆಳಗಿಟ್ಟರು. "ಹೌದು, ಹೇಳಬೇಕಿತ್ತು" ಅಂದರು. ಎರಡು ವಾರದ ಮೇಲೆ ನೋಡಿದರೆ ವಿಡಿಯೋ ಕೆಳಗೆ ಮೊದಲ ಕಾಮೆಂಟೇ ಆ ಮಾತು. ನಾನು ಒಂದು ಸ್ಟಾರ್ ಏರಿಸಿದ್ದು ಇದಕ್ಕೇ.

ಹೊರಗೆ ಬಂದ ಮೇಲೆ ಅವ್ವ, "ಫೋನಲ್ಲಿ ಅಷ್ಟೊಂದ್ ಮಾತಾಡೋರು ಇವ್ರೇನಾ?" ಎಂದು ಕೇಳಿದಳು.

ಇನ್ನು ಬೇಜಾರಾದ ವಿಷಯ. ಕಾಯುವ ಹಾಲ್‌ನಲ್ಲಿ ಒಬ್ಬ ಹುಡುಗ ಸ್ಟಿಕ್ಕಿಗೆ ಫೋನ್ ಸಿಕ್ಕಿಸಿಕೊಂಡು ವಿಡಿಯೋ ತೆಗೆಯುತ್ತಿದ್ದ. ಮರುದಿನ ಕ್ಲಿನಿಕ್ಕಿನ ಪೇಜಿನಲ್ಲಿ ಅವ್ವ! ತಲೆಗೆ ಸೆರಗು ಹೊದ್ದು, ಕೈಯಲ್ಲಿ ರಿಪೋರ್ಟ್ ಕವರ್ ಹಿಡಿದು ಕೂತಿದ್ದಾಳೆ, ಹಿಂದೆ ಮ್ಯೂಸಿಕ್. ಯಾರೂ ಒಂದು ಮಾತು ಕೇಳಿರಲಿಲ್ಲ. ರೋಗಿಯ ಗುರುತು ಸಿಗುವಂತೆ ಫೋಟೋ ಹಾಕಲು ಒಪ್ಪಿಗೆ ಬೇಕು ಎಂದು ಡಾಕ್ಟರುಗಳ 2002ರ ನಿಯಮದಲ್ಲೇ ಇದೆ. ಅದರಲ್ಲಿ ಪತ್ರಿಕೆಗಳ ಮಾತಿದೆ, ರೀಲ್ಸ್ ಆಗ ಎಲ್ಲಿತ್ತು? 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೋಶಿಯಲ್ ಮೀಡಿಯಾಗೂ ಸೇರಿಸಿ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಫೋನ್ ಮಾಡಿದ್ದಕ್ಕೆ ಅರ್ಧ ಗಂಟೆಯಲ್ಲಿ ತೆಗೆದರು, ಸರಿ. ಅಷ್ಟರಲ್ಲಿ ನಮ್ಮ ಬೀದಿಯ ನಾಲ್ಕು ಜನ ನೋಡಿಯಾಗಿತ್ತು.

ಕಾಮೆಂಟಿನಲ್ಲಿ ಯಾರಾದರೂ ಮಾತ್ರೆ ಹೆಸರು ಕೇಳಿದರೆ ಇವರು ಹೇಳುವುದಿಲ್ಲ, ಬಂದು ತೋರಿಸಿ ಅನ್ನುತ್ತಾರೆ. ಅದು ನನಗೆ ಹಿಡಿಸಿತು. ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಎಂದು ಸುಮ್ನೆ ಬಿಡುವವರ ನಡುವೆ, ರಾಗಿ ಹಿಟ್ಟಿನಲ್ಲೂ ನೂರು ಗ್ರಾಮಿಗೆ 70 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಇದೆ, ಮುದ್ದೆ ಸಣ್ಣದು ಮಾಡಿ ಎಂದು ಮಂಡ್ಯದವರಿಗೆ ಹೇಳುವುದಕ್ಕೂ ಧೈರ್ಯ ಬೇಕು ಬಿಡಿ.

ಫೀಸು 700 ರೂಪಾಯಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.6ರಿಂದ 7.9ಕ್ಕೆ ಬಂದಿದೆ. ಹೋಗುವವರು ಟೋಕನ್‌ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಳ್ಳಿ. ಆ ಸ್ಟಿಕ್ಕಿನ ಹುಡುಗ ಕಂಡರೆ ಮೊದಲೇ ಬೇಡ ಅನ್ನಿ.