ಬೇರೊಬ್ಬರು ಕಟ್ಟಿದ ಆರ್‌ವಿ-6: ಕೊಂಡು ಹಲವು ವರ್ಷ ಹಾರಿಸಿದ ಮೇಲೆ

ಹವ್ಯಾಸಿಯೊಬ್ಬರು ಕಿಟ್ ತರಿಸಿಕೊಂಡು ತಮ್ಮ ಕೈಯಾರೆ ಕಟ್ಟಿ, ಬಹುಕಾಲ ಹಾರಿಸಿ ಮಾರಿದ ಆರ್‌ವಿ-6 ವಿಮಾನವೊಂದನ್ನು ಅಮೆರಿಕದಲ್ಲಿ ಕೊಂಡು, ನನ್ನ ಹೆಸರಿಗೆ ನೋಂದಾಯಿಸಿಕೊಂಡು, ಹಲವು ವರ್ಷಗಳಿಂದ ಹಾರಿಸುತ್ತಿದ್ದೇನೆ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರು 1980ರ ದಶಕದ ನಡುವಿನಲ್ಲಿ ರೂಪಿಸಿದ ಈ ಮಾದರಿಯಲ್ಲಿ ಇಬ್ಬರು ಅಕ್ಕಪಕ್ಕ ಕೂರಬಹುದು. ಒಡಲು, ರೆಕ್ಕೆ ಎರಡೂ ಅಲ್ಯೂಮಿನಿಯಂ. ರೆಕ್ಕೆಯ ಹರವು 23 ಅಡಿ. ನನ್ನದಕ್ಕೆ 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಸ್ಥಿರ ಪಿಚ್ಚಿನ (ಅಲಗುಗಳ ಕೋನ ಬದಲಾಗದ) ಪ್ರೊಪೆಲ್ಲರ್ ಮತ್ತು ಟೈಲ್‌ವೀಲ್ (ಬಾಲದ ಕೆಳಗಿನ ಸಣ್ಣ ಚಕ್ರ) ಇವೆ. ವಿನ್ಯಾಸದ ಬಗ್ಗೆ ನನಗೆ ತಕರಾರಿಲ್ಲ, ಅದು ಅತ್ಯುತ್ತಮವಾದುದು. ಆದರೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರ ಕೈಗೆ ಬರುವುದು ಆ ವಿನ್ಯಾಸವನ್ನು ಒಬ್ಬ ವ್ಯಕ್ತಿ ತನಗೆ ತೋಚಿದಂತೆ ಸಾಕಾರಗೊಳಿಸಿದ ಒಂದೇ ಒಂದು ವಿಮಾನ. ಕಾಗದಪತ್ರವಾಗಲಿ, ಹಾರಾಟವಾಗಲಿ, ಆ ಒಂದು ವಿಮಾನವನ್ನು ಅರಿಯದೆ ಮುಂದೆ ಹೋಗುವಂತಿಲ್ಲ.

ನೋಂದಣಿಯ ಕೆಲಸ ಹೊರಗಿನವರು ಅಂದುಕೊಳ್ಳುವಷ್ಟು ಕಠಿಣವಲ್ಲ. ಮಾರುವವರು ಸಹಿ ಹಾಕಿದ 8050-2 ಸಂಖ್ಯೆಯ ಮಾರಾಟ ಪತ್ರ ಮತ್ತು ಕೊಳ್ಳುವವರ 8050-1 ಸಂಖ್ಯೆಯ ಅರ್ಜಿ, ಇವೆರಡನ್ನೂ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನೋಂದಣಿ ಕಚೇರಿಗೆ ಕಳುಹಿಸಬೇಕು. ನಾನು ಕೊಂಡಾಗ ಶುಲ್ಕ 5 ಡಾಲರ್ ಇತ್ತು. ಎಚ್ಚರ ಬೇಕಾದದ್ದು ಹೆಸರಿನ ವಿಷಯದಲ್ಲಿ. ಹವ್ಯಾಸಿ ನಿರ್ಮಿತ ವಿಮಾನಕ್ಕೆ ಕಾನೂನಿನ ಪ್ರಕಾರ ತಯಾರಕರು ಕಿಟ್ ಮಾರಿದ ಕಂಪನಿಯಲ್ಲ, ಕಟ್ಟಿದ ವ್ಯಕ್ತಿ. ಆದ್ದರಿಂದ ತಯಾರಕರ ಜಾಗದಲ್ಲಿ ಕಟ್ಟಿದವರ ಹೆಸರಿರುತ್ತದೆ, ಮಾದರಿಯ ಹೆಸರೂ ಕ್ರಮಸಂಖ್ಯೆಯೂ ಅವರು ಮೊದಲ ನೋಂದಣಿಯಲ್ಲಿ ಬರೆದಂತೆಯೇ ಉಳಿದಿರುತ್ತವೆ. ಒಬ್ಬರು ಅಕ್ಷರ ಮತ್ತು ಅಂಕಿಯ ನಡುವೆ ಅಡ್ಡಗೆರೆ ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ವಿಮಾನಕ್ಕೆ ಹೊಡೆದಿರುವ ಲೋಹದ ಫಲಕ, ನೋಂದಣಿ ದಾಖಲೆ, ಮಾರಾಟ ಪತ್ರ ಮೂರರಲ್ಲೂ ಇದು ಒಂದೇ ರೀತಿ ಇರುವಂತೆ ನೋಡಿಕೊಂಡರೆ ಅರ್ಜಿ ಹಿಂದಕ್ಕೆ ಬರುವ ಸಂಭವ ಕಡಿಮೆ. ಹಣ ಕೊಡುವ ಮೊದಲೇ ಆ ವಿಮಾನದ ಮೇಲೆ ಯಾವುದಾದರೂ ಸಾಲದ ಹಕ್ಕು ದಾಖಲಾಗಿದೆಯೇ ಎಂದು ಹುಡುಕಿಸುವುದೂ ಅಷ್ಟೇ ಅಗತ್ಯ. ನೋಂದಣಿ ಪತ್ರದ ಅವಧಿ ಮೊದಲು 3 ವರ್ಷವಿತ್ತು, 2023ರಿಂದ 7 ವರ್ಷವಾಗಿದೆ.

ಹೊಸ ಮಾಲೀಕರಲ್ಲಿ ಹೆಚ್ಚಿನವರು ನೋಂದಣಿ ಪತ್ರ ಕೈಗೆ ಬಂದ ಕೂಡಲೇ ಎಲ್ಲ ಮುಗಿಯಿತೆಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿದೆ. ಹಾರಾಟ ಯೋಗ್ಯತಾ ಪತ್ರವು ಮಾಲೀಕರು ಬದಲಾದರೂ ವಿಮಾನದ ಜೊತೆಯಲ್ಲೇ ಹೋಗುತ್ತದೆ. ಆದರೆ ಹವ್ಯಾಸಿ ನಿರ್ಮಿತ ವಿಮಾನಗಳು ಸೇರುವ ಪ್ರಯೋಗಾತ್ಮಕ ವರ್ಗದಲ್ಲಿ ಆ ಪತ್ರಕ್ಕೆ ಲಗತ್ತಿಸಿದ ಕಾರ್ಯಾಚರಣಾ ಮಿತಿಗಳ ಹಾಳೆಗಳು ಅದರದೇ ಭಾಗ, ಅವು ವಿಮಾನದಲ್ಲಿ ಇಲ್ಲದಿದ್ದರೆ ಪತ್ರವೇ ಅಪೂರ್ಣ. ಈ ಹಾಳೆಗಳು ಎಲ್ಲ ವಿಮಾನಗಳಿಗೂ ಒಂದೇ ಆಗಿರುವುದಿಲ್ಲ, ಬರೆದುಕೊಟ್ಟ ಕಾಲಕ್ಕೆ ತಕ್ಕಂತೆ ಅವುಗಳ ಒಕ್ಕಣೆ ಬದಲಾಗಿದೆ. ಎಂಜಿನ್ ಅಥವಾ ಪ್ರೊಪೆಲ್ಲರ್ ಬದಲಿಸಿದರೆ ಏನು ಮಾಡಬೇಕು, ರಾತ್ರಿ ಹಾರಬಹುದೇ, ಪಲ್ಟಿ ಹೊಡೆಸಬಹುದೇ ಎಂಬುದಕ್ಕೆಲ್ಲ ಉತ್ತರ ಅದರಲ್ಲೇ ಇದೆ. ವೈಮಾನಿಕ ಕಸರತ್ತಿನ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು ತುಂಬ ಸ್ಪಷ್ಟವಾದುದು: ಮೊದಲ ಹಂತದ ಪರೀಕ್ಷಾ ಹಾರಾಟದಲ್ಲಿ ಕಟ್ಟಿದವರು ಯಾವ ಕಸರತ್ತುಗಳನ್ನು ಮಾಡಿ ಲಾಗ್‌ಬುಕ್ಕಿನಲ್ಲಿ ದಾಖಲಿಸಿದ್ದಾರೋ ಅವಷ್ಟಕ್ಕೇ ಅನುಮತಿ. ಆರ್‌ವಿ-6 ಲೂಪ್ (ಗಾಳಿಯಲ್ಲಿ ಮೇಲ್ಮುಖವಾಗಿ ಪೂರ್ತಿ ಒಂದು ಸುತ್ತು) ಹೊಡೆಯಬಲ್ಲ ವಿಮಾನವೆಂಬುದು ನಿಜ, ಆದರೆ ಲಾಗ್‌ಬುಕ್ಕಿನಲ್ಲಿ ಆ ಸಾಲಿಲ್ಲದಿದ್ದರೆ ನೀವು ಕೊಂಡ ವಿಮಾನ ಹೊಡೆಯುವಂತಿಲ್ಲ. ಪರೀಕ್ಷಾ ಹಂತ ಮುಗಿದದ್ದರ ಬರಹವೂ, ಅದರೊಳಗೆ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು), ಮೇಲೇರುವ ವೇಗಗಳು, ಪರೀಕ್ಷಿಸಿದ ತೂಕ, ಗುರುತ್ವ ಕೇಂದ್ರದ (ವಿಮಾನದ ತೂಕ ಸಮತೋಲಗೊಳ್ಳುವ ಬಿಂದು) ವಿವರಗಳೂ ಇವೆಯೇ ಎಂದು ಕೊಳ್ಳುವ ಮೊದಲೇ ಓದಿ ನೋಡಬೇಕು.

ರಿಪೇರಿಯ ನಿಯಮವನ್ನು ಹಲವರು ಉಲ್ಟಾ ತಿಳಿದಿರುತ್ತಾರೆ. ಕಟ್ಟಿದವರಿಗೆ ಅವರ ಆ ಒಂದು ವಿಮಾನಕ್ಕಾಗಿ ಕೊಡುವ ರಿಪೇರ್‌ಮನ್ ಪ್ರಮಾಣಪತ್ರ (ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಅಧಿಕಾರ) ವಿಮಾನದ ಜೊತೆ ವರ್ಗಾವಣೆಯಾಗುವುದಿಲ್ಲ. ಹಾಗೆಂದು ಎರಡನೆಯ ಮಾಲೀಕರ ಕೈ ಕಟ್ಟಿಹಾಕಿದಂತೆಯೂ ಅಲ್ಲ. ಎಣ್ಣೆ ಬದಲಿಸುವುದರಿಂದ ಹಿಡಿದು ದೊಡ್ಡ ರಿಪೇರಿಯವರೆಗೆ ಮಾಲೀಕರೇ ಮಾಡಿಕೊಳ್ಳಬಹುದು. ಪ್ರತಿ 12 ತಿಂಗಳಿಗೊಮ್ಮೆ ಆಗಬೇಕಾದ ಸ್ಥಿತಿ ತಪಾಸಣೆಗೆ ಮಾತ್ರ ಅರ್ಹರ ಸಹಿ ಬೇಕು. ನಾನು ಈ ತಪಾಸಣೆಯನ್ನು ಆರ್‌ವಿ ಮಾದರಿಗಳನ್ನು ಬಲ್ಲ ಪರವಾನಗಿ ಪಡೆದ ಮೆಕ್ಯಾನಿಕ್ ಒಬ್ಬರ ಜೊತೆ ನಿಂತು ಮಾಡಿಸುತ್ತೇನೆ. ಕಾರ್ಖಾನೆಯಿಂದ ಬಂದ ವಿಮಾನಗಳನ್ನಷ್ಟೇ ನೋಡಿದವರು ಎಷ್ಟೇ ನುರಿತವರಾದರೂ ಇಲ್ಲಿ ತಡವರಿಸುತ್ತಾರೆ, ಏಕೆಂದರೆ ವೈರುಗಳು ಯಾವ ಕಡೆಯಿಂದ ಹಾದುಹೋಗಿವೆ ಎಂಬುದಕ್ಕೆ ಕಟ್ಟಿದವರ ಟಿಪ್ಪಣಿಯ ಹೊರತು ಬೇರೆ ಕೈಪಿಡಿಯೇ ಇಲ್ಲ. ಕಟ್ಟುವಾಗ ತೆಗೆದ ಫೋಟೋಗಳು, ಕೈಬರಹದ ನೋಟ್‌ಪುಸ್ತಕ, ಯಾವ ಬಿಡಿಭಾಗವನ್ನು ಎಲ್ಲಿಂದ ತರಿಸಿದರೆಂಬ ರಶೀದಿಗಳು ಸಿಕ್ಕರೆ ಅವನ್ನು ಎಂಜಿನ್ ಲಾಗ್‌ಬುಕ್ಕಿನಷ್ಟೇ ಜೋಪಾನವಾಗಿ ಕೇಳಿ ಪಡೆಯಿರಿ.

ಕಟ್ಟಿದವರ ಆಯ್ಕೆಗಳು ಜೀವಕ್ಕೆ ಎಷ್ಟು ಹತ್ತಿರದವು ಎಂಬುದಕ್ಕೆ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಬಳಿ ಗಾಯಕ ಜಾನ್ ಡೆನ್ವರ್ ಅವರು ತೀರಿಕೊಂಡ ಅಪಘಾತವನ್ನು ನೆನೆಯದೆ ಇರಲಾಗದು. ಅವರು ಆಗಷ್ಟೇ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಲಾಂಗ್-ಈಜ಼ೀ ಎಂಬ ಹವ್ಯಾಸಿ ನಿರ್ಮಿತ ವಿಮಾನದಲ್ಲಿ ಇಂಧನ ಟ್ಯಾಂಕ್ ಬದಲಿಸುವ ಹಿಡಿಯನ್ನು, ಮೂಲ ವಿನ್ಯಾಸದಲ್ಲಿದ್ದ ಜಾಗ ಬಿಟ್ಟು, ಕಟ್ಟಿದವರು ಪೈಲಟ್‌ನ ಎಡ ಭುಜದ ಹಿಂದೆ ಇರಿಸಿದ್ದರು. ಆ ಹಿಡಿಯನ್ನು ತಿರುಗಿಸಲು ಹೊರಳುವಾಗ ಗಮನ ಹಾರಾಟದಿಂದ ಸರಿದು, ಅರಿವಿಲ್ಲದೆ ಬಲ ರಡ್ಡರ್ (ಮೂತಿಯನ್ನು ಬಲಕ್ಕೆ ತಿರುಗಿಸುವ ಪೆಡಲ್) ಒತ್ತಿದ್ದರಿಂದ ವಿಮಾನ ಹತೋಟಿ ತಪ್ಪಿತೆಂದು ತನಿಖಾ ಮಂಡಳಿ ತೀರ್ಮಾನಿಸಿತು. ಗುರುತುಗಳಿಲ್ಲದ ಇಂಧನ ಮಾಪಕವನ್ನೂ, ಆ ಮಾದರಿಯಲ್ಲಿ ಸಾಲದಿದ್ದ ತರಬೇತಿಯನ್ನೂ ಅದು ಹೆಸರಿಸಿತು. ಆರ್‌ವಿ-6ರಲ್ಲೂ ಎಡ ಮತ್ತು ಬಲ ಟ್ಯಾಂಕುಗಳ ನಡುವೆ ಪೈಲಟ್ ಕೈಯಾರೆ ಬದಲಿಸುತ್ತಿರಬೇಕು. ಆದ್ದರಿಂದ ಸೀಟಿನ ಬೆಲ್ಟನ್ನು ಪೂರ್ತಿ ಬಿಗಿದುಕೊಂಡು, ತಲೆ ತಗ್ಗಿಸದೆ, ಸ್ಟಿಕ್ (ವಿಮಾನವನ್ನು ನಿಯಂತ್ರಿಸುವ ಕೋಲು) ಅಲುಗಿಸದೆ ಆ ಹಿಡಿ ಕೈಗೆ ಸಿಗುತ್ತದೆಯೇ ಎಂಬುದನ್ನು ನೆಲದ ಮೇಲೆಯೇ ನೋಡಿಕೊಳ್ಳುವುದು ನಾನು ಕೊಡಬಹುದಾದ ಮೊದಲ ಸಲಹೆ.

ವೇಗಮಾಪಕದ ವಿಷಯವೂ ಇಷ್ಟೇ ಗಂಭೀರ. ಆ ಕಾಲದ ಹಲವು ಆರ್‌ವಿಗಳಲ್ಲಿ ಅದು ಗಂಟೆಗೆ ಇಷ್ಟು ಮೈಲಿ ಎಂದು ತೋರಿಸುತ್ತದೆ, ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಕಲಿತವರ ಕಣ್ಣು ಅಂಕಿಯನ್ನಷ್ಟೇ ಓದುತ್ತದೆ. 65 ನಾಟ್ ಎಂದರೆ ಸುಮಾರು 75 ಮೈಲಿ. 65 ಮೈಲಿಯನ್ನೇ 65 ನಾಟ್ ಎಂದು ನಂಬಿ ಇಳಿಯಲು ಬಂದವರಿಗೆ ಸ್ಟಾಲ್ ವೇಗದ ಮೇಲೆ ಉಳಿಯುವ ಅಂತರ ಬಹಳ ಕಿರಿದು. ಜೊತೆಗೆ ಒಡಲಿನ ಪಕ್ಕದಲ್ಲಿರುವ ಸ್ಥಿರ ಒತ್ತಡದ ರಂಧ್ರಕ್ಕೆ (ವೇಗಮಾಪಕಕ್ಕೆ ಹೊರಗಿನ ಗಾಳಿಯ ಒತ್ತಡ ಇದರಿಂದಲೇ ತಿಳಿಯುತ್ತದೆ) ನಕ್ಷೆಯಲ್ಲಿ ಹೇಳಿದಂತೆ ಉಬ್ಬಿದ ರಿವೆಟ್ ತಲೆ ಬಳಸದೆ, ಅಂದಕ್ಕಾಗಿ ಸಪಾಟಾದ ಬಿಡಿಭಾಗ ಕೂರಿಸಿದ್ದರೆ ಮಾಪಕ ತೋರಿಸುವ ವೇಗದಲ್ಲೇ ವ್ಯತ್ಯಾಸ ಬರುತ್ತದೆ. ಸ್ಟಾಲ್ ಎಚ್ಚರಿಕೆಯ ಗಂಟೆ ಇರಲೇಬೇಕೆಂದೂ ಇಲ್ಲ, ನನ್ನದರಲ್ಲಿ ಇಲ್ಲ.

ತೂಕವನ್ನು ಕಾಗದದಲ್ಲಿದ್ದಂತೆ ನಂಬದೆ, ಮೂರು ತಕ್ಕಡಿಗಳ ಮೇಲೆ ಹೊಸದಾಗಿ ತೂಗಿಸುವುದಕ್ಕೆ ಖರ್ಚು ಮಾಡಿದ ಹಣ ಸಾರ್ಥಕವೆಂದು ಧೈರ್ಯವಾಗಿ ಹೇಳುತ್ತೇನೆ. ವಿನ್ಯಾಸಕರು ಸೂಚಿಸಿದ ಗರಿಷ್ಠ ತೂಕ 1,600 ಪೌಂಡ್, ಕಸರತ್ತಿಗೆ 1,375 ಪೌಂಡ್. ಅಮೆರಿಕದ ನಿಯಮದಲ್ಲಿ ಗರಿಷ್ಠ ತೂಕವನ್ನು ಘೋಷಿಸುವವರು ಕಟ್ಟಿದವರೇ ಆದ್ದರಿಂದ ಕೆಲವು ವಿಮಾನಗಳ ಕಾಗದದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಕಾಣುತ್ತದೆ. ಅಂಕಿ ದೊಡ್ಡದು ಮಾಡಿದ ಮಾತ್ರಕ್ಕೆ ರೆಕ್ಕೆಯ ತೊಲೆ ಗಟ್ಟಿಯಾಗುವುದಿಲ್ಲ. ಬಣ್ಣ, ಮೆತ್ತೆ, ಹೊಸ ರೇಡಿಯೋ ಎಲ್ಲ ಸೇರಿ ಖಾಲಿ ತೂಕ ವರ್ಷಗಳಲ್ಲಿ ಏರುತ್ತಲೇ ಹೋಗಿರುತ್ತದೆ.

ಇನ್ನು ಹಾರಾಟ. ಹಾರಾಟಕ್ಕಾಗಿಯೇ ಜನ ಈ ವಿಮಾನವನ್ನು ಪ್ರೀತಿಸುತ್ತಾರೆ, ನಾನೂ ಅವರಲ್ಲೊಬ್ಬ. ಸ್ಟಿಕ್ಕಿಗೆ ಬೆರಳ ತುದಿಯ ಒತ್ತಡ ಸಾಕು, ರೆಕ್ಕೆ ತಡವಿಲ್ಲದೆ ವಾಲುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಮೂರೂ ದಿಕ್ಕಿನ ಹತೋಟಿ ಒಂದಕ್ಕೊಂದು ಹೊಂದಿಕೊಂಡಿರುವ ಇಂಥ ಇನ್ನೊಂದು ಹಗುರ ವಿಮಾನವನ್ನು ನಾನು ಹಾರಿಸಿಲ್ಲ. ಗಂಟೆಗೆ 170 ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಸಾಗಿ, ಸಣ್ಣ ಹುಲ್ಲಿನ ರನ್‌ವೇಯಲ್ಲೂ ಇಳಿಯುತ್ತದೆ. ಆದರೆ ಗಾಳಿಗೆ ಅಷ್ಟು ಕಡಿಮೆ ತಡೆ ಒಡ್ಡುವ ಮೈಯಾದ್ದರಿಂದ ಮೂತಿ ತುಸು ತಗ್ಗಿದರೂ ವೇಗ ಏರತೊಡಗುತ್ತದೆ, ಮೀರಬಾರದ ವೇಗವಾದ 210 ಮೈಲಿ ದೂರವೇನೂ ಇಲ್ಲ. ಹಿಂದಿನ ಜಾಗದಲ್ಲಿ ಸಾಮಾನು ತುಂಬಿ ಇಬ್ಬರು ಕೂತಾಗ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಸ್ಟಿಕ್ ಇನ್ನೂ ಹಗುರವಾಗುತ್ತದೆ. ಒಬ್ಬರೇ ಹಾರುವಾಗ ಕೈಗೆ ರೂಢಿಯಾದ ಒತ್ತಡವನ್ನೇ ಆಗಲೂ ಹಾಕಿದರೆ ಮೂತಿ ಬಯಸಿದ್ದಕ್ಕಿಂತ ಮೇಲೇಳುತ್ತದೆ. ಮೊಟಕಾದ, ಬುಡದಿಂದ ತುದಿಯವರೆಗೆ ಒಂದೇ ಅಗಲದ ರೆಕ್ಕೆಯಾದ್ದರಿಂದ ಎಂಜಿನ್ ಶಕ್ತಿ ಇಳಿಸಿ ವೇಗ ಕಳೆದುಕೊಂಡರೆ ವಿಮಾನ ತೇಲದೆ ಕುಸಿಯತೊಡಗುತ್ತದೆ. ಸ್ಟಾಲ್‌ಗೆ ಮುನ್ನ ಬರುವ ನಡುಕವೂ ಸಣ್ಣದು, ಬಂದ ಬೆನ್ನಿಗೇ ಸ್ಟಾಲ್. ಬೇಕಾದಷ್ಟು ಎತ್ತರದಲ್ಲಿ ಹಲವು ತೂಕಗಳಲ್ಲಿ ಇದನ್ನು ಮಾಡಿ ನೋಡಿ, ನಿಮ್ಮ ಮಾಪಕ ಆಗ ಏನು ತೋರಿಸುತ್ತದೆಂದು ಬರೆದಿಟ್ಟುಕೊಂಡು, ಇಳಿಯುವ ವೇಗವನ್ನು ಅದರ 1.3 ಪಟ್ಟಿನಿಂದ ಲೆಕ್ಕ ಹಾಕುವುದೇ ಸರಿಯಾದ ದಾರಿ.

ನೆಲದ ಮೇಲೆ ಟೈಲ್‌ವೀಲ್ ವಿಮಾನಗಳ ಪೈಕಿ ಇದು ಸೌಮ್ಯವಾದುದು, ಮುಂದಿನ ನೋಟವೂ ಚೆನ್ನಾಗಿದೆ. ಆದರೂ ಆ ಮಾದರಿಯಲ್ಲೇ ಅನುಭವವಿರುವ ತರಬೇತುದಾರರ ಜೊತೆ ಕಲಿಯದೆ ಯಾರೂ ಒಂಟಿಯಾಗಿ ಹೊರಡಬಾರದು. ವಿಮಾ ಕಂಪನಿಗಳು ಸಾಮಾನ್ಯವಾಗಿ ಇದನ್ನು ಕೇಳಿಯೇ ಕೇಳುತ್ತವೆ, ಕೇಳುವುದು ನ್ಯಾಯವೂ ಹೌದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2011ರಲ್ಲಿ ಅಪಘಾತಕ್ಕೀಡಾದ ಹವ್ಯಾಸಿ ನಿರ್ಮಿತ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಾಲೀಕರು ತಾವೇ ಕಟ್ಟಿದವಲ್ಲ, ಇನ್ನೊಬ್ಬರಿಂದ ಕೊಂಡವು.

ಯಾರಿಗೆ ಇದು ಸೂಕ್ತ? ಸ್ಕ್ರೂ ಬಿಚ್ಚಿ ಒಳಗೆ ನೋಡುವ ಆಸಕ್ತಿ, ಕಾಗದಪತ್ರವನ್ನು ಸಾಲುಸಾಲಾಗಿ ಓದುವ ತಾಳ್ಮೆ ಇದ್ದವರಿಗೆ ಈ ಬೆಲೆಯಲ್ಲಿ ಇಂಥ ವೇಗ, ಇಂಥ ಹತೋಟಿ ಬೇರೆಲ್ಲೂ ಸಿಗದು. ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ಜೊತೆಗೆ ಕೂರುವವರಿಗೆ ಇದು ಪ್ರಯೋಗಾತ್ಮಕ ವಿಮಾನವೆಂದು ಹೇಳಲೇಬೇಕು; ಕೀಲಿ ತಿರುಗಿಸಿ ಹೊರಡುವ ನೆಮ್ಮದಿಯೊಂದೇ ಬೇಕಾದವರು ಕಾರ್ಖಾನೆಯ ವಿಮಾನ ಕೊಳ್ಳುವುದು ಲೇಸು. ಕೊಳ್ಳಲು ಹೊರಟವರು ಕಿಟ್ ಸಂಸ್ಥೆಯ ಸರ್ವಿಸ್ ಬುಲೆಟಿನ್‌ಗಳನ್ನು (ತಪಾಸಣೆ, ದುರಸ್ತಿಯ ಸೂಚನೆಗಳು) ಒಂದೂ ಬಿಡದೆ ಲಾಗ್‌ಬುಕ್ಕಿಗೆ ತಾಳೆ ಹಾಕಿ ನೋಡಬೇಕು, ಅದರಲ್ಲೂ ಬಾಲದ ಅಡ್ಡರೆಕ್ಕೆಯ ಮುಂದಿನ ತೊಲೆಯಲ್ಲಿ ಬಿರುಕು ಹುಡುಕಲು ಹೇಳುವ 14-01-31 ಸಂಖ್ಯೆಯದನ್ನು. ನನ್ನದರಲ್ಲಿ ಈವರೆಗೆ ಬಿರುಕು ಕಂಡಿಲ್ಲ. ಪ್ರತಿ ವರ್ಷದ ತಪಾಸಣೆಯಲ್ಲೂ ಟಾರ್ಚ್, ಕನ್ನಡಿ ಹಿಡಿದು ಆ ಮೂಲೆಯನ್ನು ನೋಡಿಸಿ, ಬುಲೆಟಿನ್ ಸಂಖ್ಯೆಯ ಸಮೇತ ಲಾಗ್‌ಬುಕ್ಕಿನಲ್ಲಿ ಬರೆಸುತ್ತೇನೆ.