ಲೀಡ್ಸ್‌ನಲ್ಲಿ ನಾಲ್ಕು ವರ್ಷ ನ್ಯಾಷನಲ್ ಟ್ರಸ್ಟ್ ಕಾರ್ಡು: ದುಡ್ಡು ವಸೂಲಾಯಿತಾ?

ನಮ್ಮ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಇಂಗ್ಲೆಂಡಿನ ಹಳೇ ಬಂಗಲೆ, ತೋಟ, ಹಾಳು ಮಠಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ ನ್ಯಾಷನಲ್ ಟ್ರಸ್ಟ್; ವರ್ಷದ ಕಾರ್ಡು ತಗೊಂಡರೆ ಅವರ ಜಾಗಗಳಿಗೆ ಟಿಕೆಟ್ ಬೇಕಿಲ್ಲ. ಅಂಥ ಯಾವುದಾದರೂ ಜಾಗಕ್ಕೆ ಹೋಗಿ ಬಂದರೆ ಮಗಳು ಅದರ ಮೇಲೆ ಒಂದು ಗೀಟು ಎಳೆಯುತ್ತಾಳೆ. ಮೊದಲ ವರ್ಷ 14 ಗೀಟು, ಎರಡನೇ ವರ್ಷ 9. ಅಪ್ಪ ಅಮ್ಮ ತುಮಕೂರಿನಿಂದ ಬಂದಿದ್ದ ಮೂರನೇ ವರ್ಷ 17. ಈ ವರ್ಷ ಇನ್ನೂ 6ರಲ್ಲೇ ಇದ್ದೇವೆ. ಲೀಡ್ಸ್‌ಗೆ ಹೊಸದಾಗಿ ಬಂದ ನಮ್ಮವರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ: ಈ ಕಾರ್ಡು ತಗೊಳ್ಳೋದಾ, ಬೇಡ್ವಾ? ಎಲ್ಲರಿಗೂ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ದುಡ್ಡಿನ ಮಾತು. ಇಬ್ಬರು ದೊಡ್ಡವರು, ಅವರ ಮಕ್ಕಳು ಸೇರಿದ ಫ್ಯಾಮಿಲಿ ಕಾರ್ಡಿಗೆ ವರ್ಷಕ್ಕೆ 150 ಪೌಂಡ್ ದಾಟುತ್ತದೆ. ತಿಂಗಳ ಕಂತಿನಲ್ಲೂ ಕಟ್ಟಬಹುದು. ಹಾಳುಬಿದ್ದ ಹಳೇ ಮಠ ಫೌಂಟನ್ಸ್ ಅಬಿಯಂಥ ದೊಡ್ಡ ಜಾಗದಲ್ಲಿ ಒಬ್ಬರ ಟಿಕೆಟ್ಟೇ 15 ಪೌಂಡಿನ ಮೇಲಿದೆ. ಹಾಗಾಗಿ ನಾಲ್ಕೈದು ಸಲ ಹೋದರೆ ಅಸಲು ಬಂದ ಹಾಗೆ. ಟ್ರಸ್ಟಿನ ಪಾರ್ಕಿಂಗ್ ಜಾಗಗಳಲ್ಲಿ ಹೆಚ್ಚಿನ ಕಡೆ ದುಡ್ಡು ಕೊಡಬೇಕಿಲ್ಲ. ಗುಡ್ಡಗಾಡಿನಲ್ಲಿ ಸುಮ್ನೆ ನಡೆಯೋಕೆ ಹೋಗುವವರಿಗೆ ಇದೂ ಕಡಿಮೆ ಲಾಭವಲ್ಲ. ಊರಿಂದ ಬಂದ ಅಜ್ಜ ಅಜ್ಜಿಗೆ ಮಾತ್ರ ಈ ಕಾರ್ಡು ನಡೆಯುವುದಿಲ್ಲ. ಅವರಿಗೆ ಬೇರೆ ಟಿಕೆಟ್ ತೆಗೆಯಬೇಕು. ಇದು ನಮಗೆ ಗೇಟಿಗೆ ಹೋದ ಮೇಲೆ ಗೊತ್ತಾಗಿದ್ದು.

ಆದರೆ ಲೆಕ್ಕ ಹಾಕಿ ಕೊಂಡ ನನಗೆ ಇಷ್ಟವಾಗಿದ್ದು ಲೆಕ್ಕಕ್ಕೆ ಸಿಗದ ಒಂದು ವಿಷಯ. ಕಾರ್ಡಿಲ್ಲದಾಗ ಟಿಕೆಟ್ ತಗೊಂಡು ಒಳಗೆ ಹೋದರೆ ಸಂಜೆವರೆಗೂ ಹೊರಗೆ ಬರುತ್ತಿರಲಿಲ್ಲ. ಮಳೆ ಬರಲಿ, ಮಗು ಅಳಲಿ, ಕೊಟ್ಟ ದುಡ್ಡಿಗೆ ಎಲ್ಲ ರೂಮೂ ನೋಡಲೇಬೇಕು. ಈಗ ಹಾಗಿಲ್ಲ. ಒಂದು ಗಂಟೆ ಇದ್ದು, ಒಂದೇ ಕಡೆ ಕೂತು, ಫ್ಲಾಸ್ಕಿನ ಕಾಫಿ ಕುಡಿದು ವಾಪಸ್ ಬರಬಹುದು. ಉಳಿದಿದ್ದು ಇನ್ನೊಂದು ಸಲ.

ಫೌಂಟನ್ಸ್ ಅಬಿಗೆ ನಾವು ಹನ್ನೊಂದು ಸಲ ಹೋಗಿದ್ದೇವೆ. ಒಂದೇ ಸಲಕ್ಕೆ ಪೂರ್ತಿ ನೋಡಿಲ್ಲ. ಯಾರ್ಕಿನ ಸೇಂಟ್ ಮೇರೀಸ್ ಮಠದಲ್ಲಿ ಶಿಸ್ತು ಸಡಿಲವಾಯಿತು ಅಂತ ಜಗಳವಾಡಿ ಹೊರಬಿದ್ದ 13 ಸನ್ಯಾಸಿಗಳು 1132ರಲ್ಲಿ ಶುರು ಮಾಡಿದ ಮಠ ಇದು. ಬಡತನದ ವ್ರತ ತೊಟ್ಟು ಬಂದವರು ಕುರಿ ಸಾಕಿ, ಉಣ್ಣೆ ಮಾರಿ ಇಡೀ ಇಂಗ್ಲೆಂಡಿನ ಸಿರಿವಂತ ಮಠಗಳ ಸಾಲಿಗೆ ಸೇರಿದರು. ಇಟಲಿಯ ವ್ಯಾಪಾರಿಗಳಿಗೆ ಮುಂದಿನ ವರ್ಷಗಳ ಉಣ್ಣೆಯನ್ನೂ ಮೊದಲೇ ಮಾರಿ ಸಾಲಕ್ಕೆ ಸಿಕ್ಕಿಕೊಂಡಿದ್ದೂ ಉಂಟು. ಬೆಳೆ ಬರುವ ಮೊದಲೇ ಮಂಡಿಯಲ್ಲಿ ಮುಂಗಡ ತಗೊಂಡ ಹಾಗೆ, ಅಲ್ವಾ!

ಅಲ್ಲಿ ನನಗೆ ಬೇಕಾಗಿರುವುದು ಒಂದೇ ಜಾಗ: ಸೆಲೇರಿಯಂ. ದುಡಿಯಲೆಂದೇ ಮಠ ಸೇರಿದ ಸಹೋದರರು ಊಟ ಮಾಡುತ್ತಿದ್ದ, ಸಾಮಾನು ಪೇರಿಸಿಡುತ್ತಿದ್ದ ಹಜಾರ. ಉದ್ದ 90 ಮೀಟರಿಗೂ ಜಾಸ್ತಿ. ಮಠದ ಚಾವಣಿ ಹೆಚ್ಚಿನ ಕಡೆ ಹೋಗಿದೆ, ಇದರ ಕಲ್ಲಿನ ಕಮಾನು ಹಾಗೇ ನಿಂತಿದೆ. ನಡುವೆ ಒಂದು ಸಾಲು ಕುಳ್ಳ ಕಂಬ. ಒಂದೊಂದು ಕಂಬದಿಂದಲೂ ಕಲ್ಲಿನ ಪಟ್ಟಿಗಳು ತೆಂಗಿನ ಗರಿಯ ಹಾಗೆ ಮೇಲೆ ಹರಡಿಕೊಳ್ಳುತ್ತವೆ. ಮಗಳು ಈ ತುದಿಯಲ್ಲಿ ನಿಂತು "ಕೂ" ಅಂದರೆ ಆ ತುದಿಯಲ್ಲಿರುವ ನನಗೆ ಎರಡು ಮೂರು ಮಕ್ಕಳು ಕೂಗಿದ ಹಾಗೆ ಕೇಳುತ್ತದೆ. ನವೆಂಬರಿನಲ್ಲಿ ಜನ ಇರುವುದಿಲ್ಲ. ನೆಲ ಒದ್ದೆ, ತಣ್ಣನೆಯ ಕಲ್ಲಿನ ವಾಸನೆ, ಪಕ್ಕದಲ್ಲೇ ಸ್ಕೆಲ್ ನದಿಯ ಸದ್ದು. ಅಂಥ ದಿನ ನಲವತ್ತು ನಿಮಿಷ ಇದ್ದು ಬಂದರೂ ಸಾಕು ಅನಿಸುತ್ತದೆ.

ಅಮ್ಮ ಮೊದಲ ಸಲ ನೋಡಿದಾಗ, "ಇಷ್ಟು ದೊಡ್ಡದು ಕಟ್ಟಿ ಯಾಕೆ ಹಾಳು ಮಾಡಿದ್ರೇ?" ಅಂತ ಕೇಳಿದರು. ಎಂಟನೇ ಹೆನ್ರಿ ಪೋಪನ ಜೊತೆ ಜಗಳವಾಡಿ ಮಠಗಳನ್ನೆಲ್ಲ ಮುಚ್ಚಿಸಿದ, ಇದು ಮುಚ್ಚಿದ್ದು 1539ರಲ್ಲಿ, ಆಮೇಲೆ ಚಾವಣಿಯ ಸೀಸವನ್ನೂ ಬಿಡದೆ ಕಿತ್ತರು ಅಂತ ಹೇಳಿದೆ. ಅಪ್ಪ ಬೆರಳು ಮಡಚಿ ಎಣಿಸಿದರು. "ಹಂಪಿ ಹಾಳಾಗಿದ್ದು 1565. ಬರೀ ಇಪ್ಪತ್ತಾರು ವರ್ಷ ವ್ಯತ್ಯಾಸ ಕಣಮ್ಮ. ಅಲ್ಲಿ ಹೊರಗಿನ ದಂಡು ಬಂತು, ಇಲ್ಲಿ ಅವರ ರಾಜನೇ ಸಾಕಾದ." ನಾನು ಇಷ್ಟು ಸಲ ಹೋಗಿದ್ದರೂ ಈ ಲೆಕ್ಕ ಹೊಳೆದಿರಲಿಲ್ಲ.

ಮಠದಿಂದ ಹೊಳೆ ಪಕ್ಕ ನಡೆದರೆ ಸ್ಟಡ್ಲಿ ರಾಯಲ್ ನೀರಿನ ತೋಟ. ಮಾಡಿಸಿದವನು ಜಾನ್ ಐಸ್ಲಬಿ. ದೇಶದ ಹಣಕಾಸು ಮಂತ್ರಿಯಾಗಿದ್ದವನು. ಸೌತ್ ಸೀ ಕಂಪನಿಯ ಷೇರು ಹಗರಣದಲ್ಲಿ ಸಿಕ್ಕಿಬಿದ್ದು 1721ರಲ್ಲಿ ಪಾರ್ಲಿಮೆಂಟಿನಿಂದ ಹೊರಬಿದ್ದ. ಊರಿಗೆ ಬಂದು ಕೊಳ, ಕಾಲುವೆ ಮಾಡಿಸಿಕೊಂಡು ಉಳಿದ ಕಾಲ ಕಳೆದ. ಮಠ, ತೋಟ ಎರಡೂ ಸೇರಿ 1986ರಿಂದ ವಿಶ್ವ ಪರಂಪರೆ ತಾಣ. ಒಂದು ಕಿವಿಮಾತು: ಎಲ್ಲರೂ ದೊಡ್ಡ ವಿಸಿಟರ್ ಸೆಂಟರ್ ಕಡೆಯಿಂದ ಹೋಗುತ್ತಾರೆ. ನೀವು ಕೆರೆ ಕಡೆಯ ಗೇಟಿನಿಂದ ಹೋಗಿ. ಜಿಂಕೆವನದ ಮಧ್ಯೆ ದಾರಿ. ಕೊನೆಗೆ ತಿರುವಿನಲ್ಲಿ ಮಠ ಒಮ್ಮೆಲೇ ಕಾಣುತ್ತದೆ.

ವೇಕ್‌ಫೀಲ್ಡ್ ಹತ್ತಿರದ ನಾಸ್ಟೆಲ್ ಬಂಗಲೆ ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಹೆಸರಾಂತ ಬಡಗಿ ಚಿಪ್ಪೆಂಡೇಲ್ ಮಾಡಿದ ಕುರ್ಚಿ ಮೇಜು, ಚಿನ್ನದ ಬಣ್ಣದ ಗೋಡೆ, ಮೂರು ರೂಮಾದ ಮೇಲೆ ಎಲ್ಲ ಒಂದೇ ಥರ. ಅಪ್ಪನ ಜೊತೆ ಹೋದ ದಿನ ಅದು ಬೇರೆಯೇ ಆಯಿತು. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ನಾಸ್ಟೆಲ್‌ನಲ್ಲಿ ಜಾನ್ ಹ್ಯಾರಿಸನ್ 1717ರಲ್ಲಿ ಮಾಡಿದ ಗಡಿಯಾರ ಇದೆ. ಹಡಗಿನವರಿಗೆ ಸಮುದ್ರದ ಮಧ್ಯೆ ರೇಖಾಂಶ ಗೊತ್ತಾಗುವಂಥ ಗಡಿಯಾರ ಮಾಡಿಕೊಟ್ಟನಲ್ಲ, ಅವನೇ. ಹುಟ್ಟಿದ್ದು ಪಕ್ಕದ ಫೌಲ್ಬಿ ಹಳ್ಳಿಯಲ್ಲಿ, 1693ರಲ್ಲಿ. ಬಡಗಿಯ ಮಗ. ಈ ಗಡಿಯಾರದ ಹಲ್ಲಿನ ಚಕ್ರಗಳೂ ಮರದವೇ.

ಅಪ್ಪ ನಂಬಲಿಲ್ಲ. "ಮರಕ್ಕೆ ಹಲ್ಲು ಕೊರೆದರೆ ಮಳೆಗಾಲದಲ್ಲಿ ಉಬ್ಬಲ್ವೇನಮ್ಮ? ಕೇಳು ಇವರನ್ನ." ರೂಮಿನಲ್ಲಿದ್ದ ವಾಲಂಟಿಯರ್ ಕೂಡ ಅಪ್ಪನ ವಯಸ್ಸಿನವರೇ, ರಿಟೈರಾದವರು. ನಾನು ಕನ್ನಡದಲ್ಲಿ ಕೇಳಿದ್ದನ್ನು ಇಂಗ್ಲಿಷಿಗೆ, ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ಮಾಡುತ್ತ ನಿಂತೆ. ಹತ್ತು ನಿಮಿಷವಾದ ಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. ಅಪ್ಪ ಎರಡು ಕೈ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಚಕ್ರ ತಿರುಗಿಸಿ ತೋರಿಸಿದರು, ಅವರು ಮರದ ನಾರು ಯಾವ ಕಡೆ ಇರಬೇಕು ಅಂತ ಅಂಗೈ ಮೇಲೆ ಗೆರೆ ಎಳೆದು ತೋರಿಸಿದರು. ಕೊನೆಗೆ ಅಪ್ಪ ತಮ್ಮ ಕೈಯ ಎಚ್‌ಎಂಟಿ ಬಿಚ್ಚಿ ಅವರ ಕೈಗೆ ಕೊಟ್ಟರು. ಅಷ್ಟರಲ್ಲಿ ಅಮ್ಮ ಮತ್ತು ಮಗಳು 18ನೇ ಶತಮಾನದ ಬೊಂಬೆ ಮನೆ ನೋಡಿ ಮುಗಿಸಿ, ಹೊರಗೆ ಬೆಂಚಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತಿದ್ದರು.

ಬ್ರಿಮಮ್ ರಾಕ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಾಳಿ ಮಳೆಗೆ ಸವೆದು ಚಿತ್ರವಿಚಿತ್ರ ಆಕಾರವಾದ ಬಂಡೆಗಳು. ಸುಮಾರು 200 ಟನ್ ತೂಕದ ಒಂದು ಬಂಡೆ ಪುಟ್ಟ ಬುಡದ ಮೇಲೆ ನಿಂತಿದೆ. ಮಗಳಿಗೆ ಪ್ರಾಣ. ಆದರೆ ಮಧುಗಿರಿ ಬೆಟ್ಟ ನೋಡಿಕೊಂಡು ಬೆಳೆದವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಅಮ್ಮ ಒಂದು ಸುತ್ತು ಹಾಕಿ, ಶಾಲು ಬಿಗಿಯಾಗಿ ಸುತ್ತಿಕೊಂಡು, "ಇದಕ್ಕೆ ಟಿಕೆಟ್ಟಾ?" ಅಂದರು. ಟಿಕೆಟ್ ಇಲ್ಲ, ಪಾರ್ಕಿಂಗ್ ಮಾತ್ರ, ನಮಗೆ ಅದೂ ಇಲ್ಲ ಅಂದರೂ ಮುಖ ಸಡಿಲವಾಗಲಿಲ್ಲ.

ಈಗ ಕಷ್ಟಗಳು. ಚಳಿಗಾಲದಲ್ಲಿ ಹಲವು ಬಂಗಲೆಗಳು ಮುಚ್ಚಿರುತ್ತವೆ, ಇಲ್ಲವೇ ಕೆಲವೇ ರೂಮು ತೆರೆದಿರುತ್ತವೆ. ಫೆಬ್ರವರಿಯಲ್ಲಿ ಒಂದು ಕಡೆ ಒಂದು ಗಂಟೆ ಡ್ರೈವ್ ಮಾಡಿ ಹೋದರೆ ಮಹಡಿ ಬಂದ್, ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿತ್ತು. ಮಗಳಿಗೆ ಮಾತ್ರ ದೆವ್ವದ ಮನೆ ಅಂತ ಖುಷಿ. ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ. ಊಟವೂ ಅಷ್ಟಕ್ಕಷ್ಟೇ. ಸಸ್ಯಾಹಾರಿಗಳಿಗೆ ಸೂಪು, ಬೇಯಿಸಿದ ಆಲೂಗಡ್ಡೆ, ಚೀಸ್ ಸ್ಕೋನ್ (ಪುಟ್ಟ ಬನ್ನಿನಂಥದ್ದು) ಸಿಗುತ್ತದೆ. ಮೊಟ್ಟೆ ತಿನ್ನದವರು ಸ್ಕೋನ್ ಬಗ್ಗೆ ಕೇಳಿಯೇ ತಗೊಳ್ಳಿ. ನಾವು ಯಾವಾಗಲೂ ಡಬ್ಬಿ ಪಾರ್ಟಿ. ಈಸ್ಟರ್ ಸಮಯದ ಮಕ್ಕಳ ಆಟಕ್ಕೆ ಕಾರ್ಡಿದ್ದರೂ ಬೇರೆ ದುಡ್ಡು ಕೊಡಬೇಕು.

ಕಾರಿಲ್ಲದವರಿಗೆ ನಾನು ಈ ಕಾರ್ಡು ಬೇಡ ಅಂತಲೇ ಹೇಳುತ್ತೇನೆ. ಮೊದಮೊದಲು ನಮ್ಮ ಹತ್ತಿರವೂ ಕಾರಿರಲಿಲ್ಲ. 36ನೇ ನಂಬರ್ ಬಸ್ಸಿನಲ್ಲಿ ಹ್ಯಾರೊಗೇಟ್ ಮೇಲೆ ರಿಪನ್ ತಲುಪಬಹುದು. ಅಲ್ಲಿಂದ ಫೌಂಟನ್ಸ್ ಇನ್ನೂ ಐದಾರು ಕಿಲೋಮೀಟರ್. ಒಂದು ಭಾನುವಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದಿದ್ದೇವೆ.

ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ಬಿಟ್ಟಿ ಜಾಗಗಳೇ ಬೇಕಾದಷ್ಟಿವೆ. ಕರ್ಕ್‌ಸ್ಟಾಲ್ ಅಬಿ ಲೀಡ್ಸ್ ಊರೊಳಗೇ ಇದೆ. ಫೌಂಟನ್ಸ್‌ನಿಂದ ಹೊರಟ ಸನ್ಯಾಸಿಗಳೇ 1152ರಲ್ಲಿ ಅಲ್ಲಿ ನೆಲೆಸಿದ್ದು. ಲೀಡ್ಸ್‌ನವರಿಗೆ ಟಿಕೆಟ್ ಇಲ್ಲ. ಯಾರ್ಕಿನ ರೈಲ್ವೆ ಮ್ಯೂಸಿಯಂನಲ್ಲಿ 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿದ ಉಗಿಬಂಡಿ ಮ್ಯಾಲರ್ಡ್ ನಿಂತಿದೆ. ಟೈಟಸ್ ಸಾಲ್ಟ್ ತನ್ನ ಮಿಲ್ಲಿನ ಕೆಲಸಗಾರರಿಗಾಗಿ ಕಟ್ಟಿಸಿದ ಊರು ಸಾಲ್ಟೇರ್‌ಗೆ ಲೀಡ್ಸ್‌ನಿಂದ ನೇರ ರೈಲಿದೆ. ಲೀಡ್ಸ್‌ನ ಆಯುಧಗಳ ಮ್ಯೂಸಿಯಂ ರಾಯಲ್ ಆರ್ಮರೀಸ್‌ನಲ್ಲಿ ನಮ್ಮ ದೇಶದ ಆನೆಯ ಕವಚ ಇದೆ. ಈಗ ಉಳಿದಿರುವುದೇ 5,840 ತಗಡು, 118 ಕೆಜಿ. ಮದ್ರಾಸ್ ಗವರ್ನರನ ಹೆಂಡತಿ ಲೇಡಿ ಕ್ಲೈವ್ 1801ರಲ್ಲಿ ಹಡಗಿನಲ್ಲಿ ತಂದಿದ್ದು. ಶ್ರೀರಂಗಪಟ್ಟಣ ಬಿದ್ದು ಆಗ ಎರಡೇ ವರ್ಷ. ಆ ಕವಚದ ಮುಂದೆ ಹೆಚ್ಚು ಹೊತ್ತು ನಿಲ್ಲಲು ನನಗೆ ಯಾಕೋ ಆಗುವುದಿಲ್ಲ.

ಇನ್ನೊಂದು ವಿಷಯ. ಕೋಟೆ, ಹಾಳು ಮಠಗಳೇ ನಿಮಗೆ ಇಷ್ಟ, ಬಂಗಲೆ ಬೇಡ ಅಂದರೆ ಇದೇ ಥರದ ಇನ್ನೊಂದು ಸಂಸ್ಥೆ ಇಂಗ್ಲಿಷ್ ಹೆರಿಟೇಜಿನ ಕಾರ್ಡು ನೋಡಿ. ವಿಟ್ಬಿ, ರಿವೋ ಮಠಗಳು, ಯಾರ್ಕಿನ ಕ್ಲಿಫರ್ಡ್ಸ್ ಟವರ್ ಕೋಟೆ ಎಲ್ಲ ಅವರದು. ಜೊತೆಗೆ ಮಕ್ಕಳೂ ಬರಬಹುದು. ತಮಾಷೆ ಅಂದರೆ ಫೌಂಟನ್ಸ್ ಅಬಿಗೆ ಆ ಕಾರ್ಡೂ ನಡೆಯುತ್ತದೆ.

ಕಾರಿದ್ದು, ಚಿಕ್ಕ ಮಕ್ಕಳಿದ್ದು, ಊರಿಂದ ಒಂದು ಗಂಟೆ ದೂರದ ಒಂದಾದರೂ ಜಾಗ ಮನಸ್ಸಿಗೆ ಹಿಡಿದರೆ ನ್ಯಾಷನಲ್ ಟ್ರಸ್ಟ್ ತಗೊಳ್ಳಿ. 5ಕ್ಕೆ 4 ಕೊಡುತ್ತೇನೆ. ಮಾರ್ಚಿನಲ್ಲಿ ಮತ್ತೆ ಕಟ್ಟುವವರಿದ್ದೇವೆ, ಮೇನಲ್ಲಿ ಅಪ್ಪ ಅಮ್ಮ ಬರುತ್ತಾರೆ. ಅಪ್ಪ ನಾಸ್ಟೆಲ್‌ಗೆ ಎರಡು ದಿನ ಇಟ್ಟುಕೋ ಅಂದಿದ್ದಾರೆ. ಅಮ್ಮ ಮೊನ್ನೆ ಫೋನಿನಲ್ಲಿ, "ಎಲ್ಲಿಗಾದರೂ ಕರ್ಕೊಂಡು ಹೋಗೇ, ಆ ಬಂಡೆ ಜಾಗಕ್ಕೆ ಮಾತ್ರ ಬೇಡ" ಅಂದರು.