1:1 ಕರೆಂಟ್ ಬಾಲನ್: ಕೆಲವು ಮಳೆಗಾಲ ಬಳಸಿದ ಮೇಲೆ

ಪೆರ್ಲ ಕಡೆಯ ನಮ್ಮ ತೋಟದಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೋಗೆ ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರ್ ಉದ್ದದ ಡೈಪೋಲ್ (ನಡುವೆ ಎರಡು ಭಾಗವಾದ ತಂತಿ ಆಂಟೆನಾ) ಕಟ್ಟಿದ್ದೇನೆ. ನಡುವಿನಿಂದ 450 ಓಮ್ ಲ್ಯಾಡರ್ ಲೈನ್ (ಏಣಿಯ ಹಾಗೆ ಕಾಣುವ ಜೋಡಿ ತಂತಿ) ಇಳಿಯುತ್ತದೆ. ಅದನ್ನು ಕಿಟಕಿಯ ಕಬ್ಬಿಣದ ಸರಳಿನ ಪಕ್ಕದಲ್ಲಿ ಒಳಗೆ ತರುವ ಹಾಗಿಲ್ಲ. ಅದಕ್ಕೇ ಗೋಡೆಯ ಹೊರಗೆ ಈ ಬಾಲನ್, ಅಂದರೆ ಜೋಡಿ ತಂತಿಯನ್ನು ಕೋಆಕ್ಸ್‌ಗೆ (ನಡುವೆ ತಂತಿ, ಸುತ್ತ ಲೋಹದ ಜಾಲರಿ ಇರುವ ಕೇಬಲ್) ಸೇರಿಸುವ ಪೆಟ್ಟಿಗೆ; 1:1 ಅಂದರೆ ಓಮ್ ಬದಲಿಸುವುದಿಲ್ಲ. ಅಲ್ಲಿಂದ ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಟ್ಯೂನರ್‌ವರೆಗೆ ಗಿಡ್ಡ ಕೋಆಕ್ಸ್. ಕೋಆಕ್ಸ್ ಉದ್ದವಾದಷ್ಟೂ ನಷ್ಟ ಜಾಸ್ತಿ.

ಲ್ಯಾಡರ್ ಲೈನಿನ ಎರಡೂ ತಂತಿಗಳಲ್ಲಿ ಕರೆಂಟ್ ಸಮ, ದಿಕ್ಕು ಮಾತ್ರ ಎದುರುಬದುರು. ಕೋಆಕ್ಸ್‌ಗೆ ನೇರ ಜೋಡಿಸಿದರೆ ಒಂದಷ್ಟು ಕರೆಂಟ್ ಜಾಲರಿಯ ಹೊರಮೈ ಹಿಡಿದು ಮನೆಯೊಳಗೆ ಬರುತ್ತದೆ. ಮೈಕ್ ಒತ್ತಿದರೆ ಕಂಪ್ಯೂಟರ್ ಸ್ಪೀಕರ್ ಕಿರುಚುತ್ತದೆ. ಎಲ್‌ಇಡಿ, ಇನ್ವರ್ಟರ್‌ಗಳ ಗಲಾಟೆಯೂ ಅದೇ ದಾರಿಯಲ್ಲಿ ರಿಸೀವರ್ ಸೇರುತ್ತದೆ. ಈ ಬಾಲನ್‌ನೊಳಗೆ ಫೆರೈಟ್ (ಕಾಂತೀಯ ವಸ್ತು) ಬಳೆಗೆ ಸುತ್ತಿದ ಜೋಡಿ ತಂತಿ ಆ ದಾರಿಗೆ ತಡೆ ಹಾಕುತ್ತದೆ. ಇದನ್ನು ಹಾಕಿದ ಮೇಲೆ 7 ಮೆಗಾಹರ್ಟ್ಸ್‌ನಲ್ಲಿ ಸಂಜೆಯ ಗುಂಯ್ ಸದ್ದು ಎಷ್ಟೋ ಇಳಿಯಿತು. ನನಗೆ ಇದೊಂದೇ ಸಾಕು ದುಡ್ಡು ಕೊಟ್ಟದ್ದಕ್ಕೆ.

"450 ಓಮ್ ಲೈನ್ ಅಲ್ವಾ, 4:1 ಬೇಡವಾ?" ಅಂತ, ಅಂದರೆ ಓಮನ್ನು ನಾಲ್ಕನೇ ಒಂದಕ್ಕೆ ಇಳಿಸುವ ಬಾಲನ್ ಬೇಡವಾ ಅಂತ, ತುಂಬ ಜನ ಕೇಳುತ್ತಾರೆ. ಒಂದೇ ಆಂಟೆನಾದಲ್ಲಿ ಹಲವು ಬ್ಯಾಂಡ್ (ಆವರ್ತನ ಶ್ರೇಣಿ) ಓಡಿಸುವಾಗ ಲೈನಿನ ಕೆಳತುದಿಯಲ್ಲಿ ಸಿಗುವುದು 450 ಅಲ್ಲವೇ ಅಲ್ಲ. ಬ್ಯಾಂಡ್ ಯಾವುದು, ಲೈನ್ ಎಷ್ಟು ಉದ್ದ ಅನ್ನುವುದರ ಮೇಲೆ ಅದು ಕೆಲವೇ ಓಮ್ ಆಗಬಹುದು, ಸಾವಿರ ದಾಟಲೂಬಹುದು. 40 ಓಮ್ ಇದ್ದದ್ದನ್ನು 4:1 ಬಾಲನ್ 10ಕ್ಕೆ ಇಳಿಸಿದರೆ ಟ್ಯೂನರ್ ಒದ್ದಾಡುತ್ತದೆ. ಫೋಲ್ಡೆಡ್ ಡೈಪೋಲ್‌ನ (ತುದಿಗಳನ್ನು ಮಡಚಿ ಸೇರಿಸಿದ ಡೈಪೋಲ್) ಹಾಗೆ ಹತ್ತಿರಹತ್ತಿರ 300 ಓಮ್ ಇದ್ದಲ್ಲಿ 4:1 ಸರಿ, 75 ಓಮ್ ಕೇಬಲ್‌ಗೆ ಹೊಂದುತ್ತದೆ. ಹಳೆ ಟಿವಿ ಆಂಟೆನಾಗಳಲ್ಲಿ ಇದ್ದ ಪುಟ್ಟ ಬಾಲನ್‌ನ ಕೆಲಸ ಅದೇ.

ಬಾಲನ್‌ನ ಪೆಟ್ಟಿಗೆ ಮಾತ್ರ ನಮ್ಮ ಆಟಿ ತಿಂಗಳ ಮಳೆಗೆ ಮಾಡಿದ್ದಲ್ಲ. ಮೊದಲ ಮಳೆಗಾಲ ಮುಗಿದು ಬಿಚ್ಚಿದಾಗ ಬೋಲ್ಟ್‌ಗಳ ಬುಡದಲ್ಲಿ ಹಸಿರು ಕಿಲುಬು, ಮೂಲೆಯಲ್ಲಿ ಇರುವೆ ಗೂಡು. ಸುತ್ತು ತಂತಿಗೆ ಏನೂ ಆಗಿರಲಿಲ್ಲ. ಸ್ಟೀಲ್ ಬೋಲ್ಟ್ ಹಾಕಿದೆ. ನೀರು ಇಳಿದುಹೋಗಲು ತಳದಲ್ಲಿ ಸಣ್ಣ ತೂತು ಕೊರೆದು ಒಳಗಿನಿಂದ ಬಲೆ ಅಂಟಿಸಿದೆ. ಕನೆಕ್ಟರ್‌ಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿದೆ. ಆಮೇಲೆ ತೊಂದರೆ ಇಲ್ಲ. ಈ ಬೆಲೆಗೆ ಇಷ್ಟನ್ನು ಮಾರುವವರೇ ಮಾಡಿ ಕೊಡಬೇಕಿತ್ತು.

3.5 ಮೆಗಾಹರ್ಟ್ಸ್‌ನಲ್ಲಿ 100 ವ್ಯಾಟ್ ಇಟ್ಟು ಡಿಜಿಟಲ್ ಮೋಡ್ (ಕಂಪ್ಯೂಟರ್ ಮೂಲಕ ಸಂದೇಶ ಕಳಿಸುವ ವಿಧಾನ) ತುಂಬ ಹೊತ್ತು ಓಡಿಸಿದರೆ ಪೆಟ್ಟಿಗೆ ಬಿಸಿಯಾಗುತ್ತದೆ. ಅಲ್ಲಿ ನಾನು ಪವರ್ ಅರ್ಧಕ್ಕೆ ಇಳಿಸುತ್ತೇನೆ. ಮಾತಿಗಾದರೆ ಪೂರ್ತಿ 100 ಪರವಾಗಿಲ್ಲ. ಯಾವುದಾದರೂ ಬ್ಯಾಂಡ್ ಟ್ಯೂನ್ ಆಗದೆ ಹಟ ಮಾಡಿದರೆ ಸುಮ್ನೆ ಬೇರೆ ಬಾಲನ್ ಕೊಳ್ಳಬೇಡಿ. ಲ್ಯಾಡರ್ ಲೈನಿಗೆ ಒಂದೆರಡು ಮೀಟರ್ ಸೇರಿಸಿ ನೋಡಿ.